ತೊಟ್ಟಿ ಮಾವನ ಕೆಂಪು

"ನನ್ನ ಕೈ ತಪ್ಪಿತು ಸಾರ್. ತೊಟ್ಟಿಯಿಂದ ಹತ್ತು ನಿಮಿಷ ತಡವಾಗಿ ತೆಗೆದೆ," ಎಂದರು ತೊಟ್ಟಿ ಮಾವ, ಸಭೆಯಲ್ಲಿ ಮುಖ್ಯಸ್ಥರತ್ತ ನೋಡಿ.

ಅವಳು ಮೇಜಿನ ಮೇಲಿದ್ದ ಚಿಪ್‌ಗಳನ್ನೇ ನೋಡುತ್ತ ಕುಳಿತಳು. ತಲೆಗೆ ಪೆಟ್ಟುಬಿದ್ದವರ ಬುರುಡೆಯೊಳಗಿನ ಒತ್ತಡ ಅಳೆಯಲು ಆಸ್ಪತ್ರೆಯೊಂದು ಕೇಳಿದ್ದ ಸೆನ್ಸರ್‌ಗಳು ಅವು, ಒಂದೊಂದೂ ಎಳ್ಳುಕಾಳಿನಷ್ಟು. ವಿನ್ಯಾಸ ಅವಳದು. ಪರೀಕ್ಷೆಯಲ್ಲೇ ಎಲ್ಲದರ ನಡುವಿನ ತೆಳು ಪೊರೆ ಒಡೆದುಹೋಗಿತ್ತು. ಮುಖ್ಯಸ್ಥರು ಕೂಗಾಡಲಿಲ್ಲ. ನಾಳೆಯಿಂದ ಮಾವ ಪ್ಯಾಕಿಂಗ್ ಕೋಣೆಯಲ್ಲಿರಲಿ, ತೊಟ್ಟಿಯನ್ನು ಅವಳೇ ನೋಡಿಕೊಳ್ಳಲಿ ಎಂದಷ್ಟೇ ಹೇಳಿ ಎದ್ದರು. ಅವಳಿಗೆ ಬಾಯಿ ಬರಲಿಲ್ಲ.

ವಾರದ ಹಿಂದೆ ಮಾತ್ರ ಬಾಯಿ ಬೇಕಾದಷ್ಟಿತ್ತು. ಅಂದು ಮಾವ, ಚಿಪ್‌ಗಳನ್ನು ಕತ್ತರಿಸಿ ತೆಗೆಯುವ ಸಿಲಿಕಾನ್ ಬಿಲ್ಲೆಯನ್ನು, ಅದನ್ನು ಸವೆಸುವ ಕ್ಷಾರದ ತೊಟ್ಟಿಯಿಂದ ಎತ್ತಿ, ತೊಳೆದು, ದೀಪಕ್ಕೆ ಹಿಡಿದಿದ್ದರು. ಸವೆದು ಸಾಕಷ್ಟು ತೆಳುವಾದಾಗ ಸಿಲಿಕಾನಿನೊಳಗಿಂದ ಬೆಳಕು ಕೆಂಪಾಗಿ ಇಣುಕುತ್ತದೆ. ಇಪ್ಪತ್ತೆರಡು ವರ್ಷ ಆ ತೊಟ್ಟಿಯ ಮುಂದೆ ನಿಂತೇ ಅಡ್ಡಹೆಸರು ಪಡೆದ ಮನುಷ್ಯ.

"ಸಾಕು ಮೇಡಂ, ಕೆಂಪು ಬಂತು," ಎಂದಿದ್ದರು.

"ಕಣ್ಣಳತೆ ಎಲ್ಲ ಬೇಡ ಮಾವ. ಹಾಳೇಲಿ ಇನ್ನೂ ಹತ್ತು ನಿಮಿಷ ಇದೆ," ಎಂದು ಅವಳು ಹೊಸಬರ ಮುಂದೆ ನಕ್ಕು, ಬಿಲ್ಲೆಯನ್ನು ಮತ್ತೆ ತೊಟ್ಟಿಗೆ ಹಾಕಿಸಿದ್ದಳು. ಈ ಸಲ ಬಂದ ಬಿಲ್ಲೆಗಳು ಹಳೆಯವಕ್ಕಿಂತ ಕೂದಲಿನ ದಪ್ಪದ ಹತ್ತನೇ ಒಂದು ಪಾಲಿನಷ್ಟು ತೆಳು. ಅದನ್ನು ನೋಡದೆ ಹಳೆಯ ಸಮಯವನ್ನೇ ಹಾಳೆಗೆ ಇಳಿಸಿದವಳು ಅವಳು.

ಸಭೆ ಮುಗಿದ ಮೇಲೆ ಮೆಟ್ಟಿಲ ಬಳಿ ಮಾವನ ಹಿಂದೆ ಬಿದ್ದು ಕೇಳಿದಳು, ಹಾಗೇಕೆ ಹೇಳಿದಿರಿ ಎಂದು. ವಿನ್ಯಾಸದವರದೇ ತಪ್ಪೆಂದರೆ ಆಸ್ಪತ್ರೆಯವರು ಕೈಬಿಡುತ್ತಾರೆ, ಕೆಲಸಗಾರನ ಕೈ ತಪ್ಪಿತೆಂದರೆ ಇನ್ನೊಮ್ಮೆ ಮಾಡಿ ಎನ್ನುತ್ತಾರೆ ಎಂದರು ಮಾವ. ನಾಲ್ಕು ಮೆಟ್ಟಿಲು ಇಳಿದವರು ನಿಂತರು.

"ಆದ್ರೂ, ನಾನು ಹಾಗಂದಾಗ ನೀವು ತಡೀತೀರಿ ಅಂದ್ಕೊಂಡಿದ್ದೆ."

ಮರುದಿನ ತೊಟ್ಟಿಯಿರುವ ಧೂಳಿಲ್ಲದ ಕೋಣೆಯಲ್ಲಿ ಅವಳೊಬ್ಬಳೇ. ಮೈಮೇಲೆ ಬಿಳಿ ನಿಲುವಂಗಿ, ಮುಖಗವಸು, ಕಣ್ಣಷ್ಟೇ ಹೊರಗೆ. ಅಷ್ಟಾದರೂ ಮುಖ ಮುಚ್ಚಿದೆಯಲ್ಲ ಎಂದು ಸಮಾಧಾನಪಟ್ಟುಕೊಂಡಳು, ಪಟ್ಟುಕೊಂಡದ್ದಕ್ಕೆ ಇನ್ನಷ್ಟು ನಾಚಿದಳು. ತಿದ್ದಿದ ಸಮಯ ಮುಗಿಯುವ ಹೊತ್ತಿಗೆ ಬಿಲ್ಲೆಯನ್ನು ಎತ್ತಿ ತೊಳೆದು ದೀಪಕ್ಕೆ ಹಿಡಿದರೆ ಕೆಂಪೇನೋ ಇತ್ತು. ಇದೇ ಆ ಕೆಂಪೋ, ಇನ್ನೂ ಬರಬೇಕೋ, ಅವಳಿಗೆ ತಿಳಿಯಲಿಲ್ಲ. ತನ್ನ ಹಾಳೆಯನ್ನು ನಂಬುವ ಧೈರ್ಯವೂ ಉಳಿದಿರಲಿಲ್ಲ.

ಪ್ಯಾಕಿಂಗ್ ಕೋಣೆಗೂ ಇದಕ್ಕೂ ನಡುವೆ ದೊಡ್ಡ ಗಾಜು. ಆಚೆ ಮಾವ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದರು. ಅವಳು ಗಾಜು ತಟ್ಟಿ, ಕೈದೀಪದ ಮುಂದೆ ಬಿಲ್ಲೆಯನ್ನು ಎತ್ತಿ ಹಿಡಿದಳು. ಮಾವ ಕನ್ನಡಕ ಏರಿಸಿ ಹತ್ತಿರ ಬಂದರು. ತುಂಬ ಹೊತ್ತು ನೋಡಿದರು. ಎರಡು ಬೆರಳು ತೋರಿಸಿದರು: ಇನ್ನೆರಡು ನಿಮಿಷ. ಎರಡು ನಿಮಿಷದ ನಂತರ ಮತ್ತೆ ಹಿಡಿದಾಗ ಸಾಕೆಂದು ತಲೆಯಾಡಿಸಿ ಪೆಟ್ಟಿಗೆಗಳತ್ತ ತಿರುಗಿಕೊಂಡರು.

ಕೆಲಸದ ಹಾಳೆಯಲ್ಲಿ, 'ತೆಗೆಯಲು ಹೇಳಿದವರು' ಎಂಬಲ್ಲಿ, ಅವಳು ಮಾವನ ಹೆಸರು ಬರೆದಳು. ಹಿಂದಕ್ಕೆ ತಿರುವಿ, ಒಡೆದುಹೋದ ಚಿಪ್‌ಗಳ ಹಾಳೆ ತೆಗೆದಳು. ಅಲ್ಲಿಯೂ ಅದೇ ಹೆಸರು, ಅವರದೇ ದುಂಡು ಅಕ್ಷರದಲ್ಲಿ. ಅದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ತನ್ನ ಹೆಸರು ಬರೆದಳು.

ಹಾಳೆ ಹಿಡಿದು ಹೊರಬಂದಳು. ಮುಖ್ಯಸ್ಥರ ಕೋಣೆಯ ಬಾಗಿಲಲ್ಲಿ ನಿಂತು ಮುಖಗವಸನ್ನು ಕೆಳಗೆಳೆದಳು.