ಕಾವಲಿಲ್ಲದ ಕೋಟೆ

ರಜೆಯ ದಿನ ಭಾವನ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜೇ ರಣರಂಗ. ಕತ್ತರಿ, ಚಾಕು, ಅಳತೆ ಟೇಪು ಎಲ್ಲ ಡಬ್ಬಿ ಸೇರುತ್ತಿದ್ದವು. ಮೇಜಿನ ನಾಲ್ಕು ಬದಿಗೂ ಒಂದೊಂದು ಕಾರ್ಡಿನ ಕಟ್ಟು ಬರುತ್ತಿತ್ತು. ಪ್ರತಿಯೊಬ್ಬರಿಗೂ ಒಂದು ಕೋಟೆ. ಕಾವಲಿಗೂ ದಾಳಿಗೂ ತೋಳ, ಹದ್ದು, ಕಲ್ಲಾನೆಗಳ ಕಾರ್ಡು. ಯಾರು ಯಾರ ಮೇಲೆ ಬೇಕಾದರೂ ದಂಡೆತ್ತಬಹುದು. ಕೊನೆಗೆ ಯಾರ ಕೋಟೆ ಉಳಿಯುತ್ತದೋ ಅವರೇ ಗೆದ್ದಂತೆ. ಇಷ್ಟೇ ಆಟ. ಕಷ್ಟವೆಲ್ಲ ಮಾತಿನಲ್ಲಿತ್ತು.

ಮಾತಿನಲ್ಲಿ ಮಾವನನ್ನು ಮೀರಿಸುವವರಿರಲಿಲ್ಲ. ಭಾವನ ಹೆಂಡತಿಯಾದ ಅಕ್ಕನಿಗೂ ಅವಳ ತಮ್ಮನಿಗೂ ಈ ಆಟ ಕಲಿಸಿದ ಸೋದರಮಾವನೇ ಅವನು. ರೇಡಿಯೊ ರಿಪೇರಿ ಮಾಡುತ್ತಲೇ ಗಿರಾಕಿಯ ಮನೆಯ ಜಗಳವನ್ನೂ ರಿಪೇರಿ ಮಾಡಿ ಕಳಿಸುತ್ತಿದ್ದ. ಆ ಬಾಯಿಗೆ ಹೆದರಿಯೇ ಮೂವರೂ ಪ್ರತಿ ವಾರ ಮೊದಲು ಅವನ ಕೋಟೆಯನ್ನೇ ಕೆಡವುತ್ತಿದ್ದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಲ್ಲೋ," ಎನ್ನುತ್ತಿದ್ದ ಮಾವ. "ಅವಳ ಕಲ್ಲಾನೆ ಬಿಟ್ಟು ನನ್ನ ಬಡಕಲು ತೋಳದ ಮೇಲೆ ಯಾಕೆ ಬೀಳ್ತೀರಿ?"

"ನಿನ್ನನ್ನ ಬಿಟ್ರೆ ನಮ್ಮ ಕೈಯಲ್ಲೇ ನಮ್ಮನ್ನ ಹೊಡಿಸ್ತೀಯಲ್ಲ ಮಾವ, ಅದಕ್ಕೆ," ಎನ್ನುತ್ತಿದ್ದಳು ಅಕ್ಕ.

ಮಾವ ಒಮ್ಮೆಯೂ ಗೆದ್ದಿರಲಿಲ್ಲ. ಈಗ ಅವನ ಕಣ್ಣು ಮಂಜಾಗುತ್ತಿತ್ತು. ತಮ್ಮನಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ. ಇದು ಗಾಜಿಗೆ ಬಗ್ಗುವ ಮಂಜಲ್ಲ ಎಂದು ಅವನಿಗೆ ತಿಳಿದಿತ್ತು. ಕಾರ್ಡಿನ ಸಣ್ಣಕ್ಷರ ಇನ್ನು ಓದಲಾಗುವುದಿಲ್ಲ, ಈ ವಾರದ್ದೇ ಕೊನೆಯ ಆಟ ಎಂದು ಮಾವನೇ ಹೇಳಿಬಿಟ್ಟಿದ್ದ.

ಅವನು ಬರುವ ಮೊದಲು ತಮ್ಮ ಮೆಲ್ಲಗೆ ವಿಷಯ ತೆಗೆದ. "ಇವತ್ತು ಮಾವನ ಮೇಲೆ ಯಾರೂ ಹೋಗೋದು ಬೇಡ."

"ಬಿಟ್ಟುಕೊಟ್ವಿ ಅಂತ ಗೊತ್ತಾದ್ರೆ ನೊಂದ್ಕೊಳ್ತಾರಪ್ಪ," ಎಂದ ಭಾವ.

"ಗೊತ್ತಾಗದ ಹಾಗೆ ಆಡೋಣ ಭಾವ."

ಆಟ ಶುರುವಾಯಿತು. ಮಾವ ಅಂದು ಮಾತು ಕಡಿಮೆ ಮಾಡಿದ್ದ. ಕಾರ್ಡುಗಳನ್ನು ಮೂಗಿನ ಹತ್ತಿರ ಹಿಡಿದು ಓದಿ ಓದಿ ಇಳಿಸುತ್ತಿದ್ದ. ಆಟ ಕಾವೇರಿದಾಗ ತನ್ನ ತೋಳಗಳನ್ನೆಲ್ಲ ತಾನೇ ಬಲಿ ಕೊಟ್ಟು ಪಕ್ಕಕ್ಕಿಟ್ಟ. ಕೋಟೆಯ ಮುಂದೆ ಒಂದು ನರಪಿಳ್ಳೆಯೂ ಉಳಿಯಲಿಲ್ಲ.

ಪಾಪ, ಯಾವುದೋ ಕಾರ್ಡನ್ನು ತಪ್ಪಾಗಿ ಓದಿಕೊಂಡ ಎಂದುಕೊಂಡ ತಮ್ಮ. ಅಕ್ಕನತ್ತ ನೋಡಿದ. ಅವಳು ಕಲ್ಲಾನೆಯನ್ನು ಗಂಡನ ಮೇಲೆ ನುಗ್ಗಿಸಿದಳು.

"ಕೋಟೆ ಹಾಳು ಬಿದ್ದಿದೆ, ಯಾರಿಗೂ ಆಸೆ ಇಲ್ವಾ?" ಎಂದ ಮಾವ.

"ನಿಮ್ಮನ್ನ ಆಮೇಲೆ ನೋಡ್ಕೊಳ್ತೀನಿ ಮಾವ. ಮೊದಲು ಇವಳ ಸೊಕ್ಕು ಇಳಿಸ್ಬೇಕು," ಎಂದ ಭಾವ.

ಮುಂದಿನ ಸುತ್ತಿನಲ್ಲೂ ಹಾಗೆಯೇ ಆಯಿತು. ಮಾವ ಒಬ್ಬೊಬ್ಬರ ಮುಖವನ್ನೂ ಕತ್ತು ಚಾಚಿ ನೋಡಿದ. ಗಂಡಹೆಂಡಿರು ಬಡಿದಾಡಿಕೊಂಡು ಆಟದಿಂದ ಹೊರಬಿದ್ದರು. ತಮ್ಮ ತನ್ನ ಹದ್ದನ್ನು ಸುಮ್ಮನೆ ಕೂರಿಸಿಕೊಂಡ. ಕೊನೆಗೆ ಮಾವ ಬೇಸತ್ತವನಂತೆ ಒಂದು ಬರಿ ಕಾಲಾಳಿನ ಕಾರ್ಡನ್ನು ಇಳಿಸಿ ತಮ್ಮನ ಕೋಟೆಗೆ ಹೊಡೆದ. ತಮ್ಮ ತಡೆಯಲಿಲ್ಲ, ಅವನ ಕೋಟೆ ಬಿತ್ತು. ಮಾವ ಗೆದ್ದ.

ಅಕ್ಕ ಚಪ್ಪಾಳೆ ತಟ್ಟಿದಳು. ಮಾವ ನಗಲಿಲ್ಲ. ಕೈಯಲ್ಲಿ ಉಳಿದಿದ್ದ ಒಂದು ಕಾರ್ಡನ್ನು ತಿರುಗಿಸಿ ಮೇಜಿನ ಮಧ್ಯೆ ಇಟ್ಟ.

ತಮ್ಮ ಓದಿದ. ಕಾವಲಿಲ್ಲದ ಕೋಟೆಯ ಮೇಲೆ ನುಗ್ಗಿದ ಮೃಗಗಳೆಲ್ಲ ಆ ಕೋಟೆಯವನ ಪಾಲು.

"ನೀವು ಒಟ್ಟಿಗೆ ಬೀಳ್ತೀರಿ ಅಂತ ಇದನ್ನ ಹುಡುಕಿ ಹುಡುಕಿ ತಂದಿದ್ದೆ," ಎಂದ ಮಾವ. "ವಾರಾ ವಾರಾ ಬೀಳ್ತಿದ್ರಲ್ಲ. ಇವತ್ತೇನಾಗಿತ್ತು ನಿಮಗೆ?"

ಹೊಲಿಗೆ ಯಂತ್ರದ ಮೇಲಿನ ದೀಪವನ್ನು ಭಾವ ಸುಮ್ಮನೆ ಆರಿಸಿ ಮತ್ತೆ ಹಚ್ಚಿದ.

"ಇನ್ನೊಂದಾಟ ಆಡೋಣ ಮಾವ," ಎಂದ ತಮ್ಮ.

"ಇನ್ನೆಲ್ಲಿ ಬೀಳ್ತೀರೋ. ಬೋನು ನೋಡಿಬಿಟ್ರಲ್ಲ." ಮಾವ ಕಣ್ಣುಜ್ಜಿಕೊಂಡ. "ಕಣ್ಣು ಕಾಣಲ್ಲ ಅಂದಿದ್ದೆ ಕಣೋ ಅಳಿಯ. ಆಟ ಬರಲ್ಲ ಅಂದಿರಲಿಲ್ಲ."

ತಮ್ಮ ತಲೆ ತಗ್ಗಿಸಿದ. ಮಾವ ಅಕ್ಕನ ಕಡೆ ತಿರುಗಿದ. "ನಿನ್ನ ಕಲ್ಲಾನೆ ಬರ್ತಿತ್ತೇನೆ?"

"ಬರ್ತಿತ್ತು ಮಾವ."

"ನಿಮ್ದು?"

"ಎರಡೂ ತೋಳ ಬಿಟ್ಟಿರ್ತಿದ್ದೆ," ಎಂದ ಭಾವ.

"ನಿನ್ನ ಹದ್ದು?"

"ಬರ್ತಿತ್ತು," ಎಂದ ತಮ್ಮ. ಇದನ್ನೂ ಮಾವನ ಸಮಾಧಾನಕ್ಕೆ ಹೇಳಿದೆನೋ, ನಿಜಕ್ಕೂ ಬರುತ್ತಿತ್ತೋ, ಅವನಿಗೆ ಖಾತ್ರಿಯಾಗಲಿಲ್ಲ.

"ಅಷ್ಟೂ ನನ್ನ ಅಂಗಳದಲ್ಲಿ ನಿಂತಿರ್ತಿದ್ವು," ಎಂದ ಮಾವ. ಖಾಲಿ ಮೇಜಿನ ಮೇಲೆ ಅವು ನಿಲ್ಲುತ್ತಿದ್ದ ಜಾಗವನ್ನು ಅಂಗೈಯಿಂದ ಒಮ್ಮೆ ಸವರಿ, ಕಾರ್ಡುಗಳನ್ನು ಒಂದೊಂದಾಗಿ ತಡಕಿ ಎತ್ತಿಕೊಳ್ಳತೊಡಗಿದ.