ಅವರೆ ಬಳ್ಳಿ ಬರೆದ ಸೂರ್ಯಪ್ರಕಾಶ್

ಮೈಮೇಲೆ ಗಾಯದ ಗುರುತೊಂದು ಕಂಡರೆ ನಮ್ಮ ಕಡೆ ಯಾರೂ ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಂದ ಹಿಡಿದು ಹಾಲು ಹಾಕುವವರವರೆಗೆ ಎಲ್ಲರೂ ಏನಾಯ್ತು, ಹೆಂಗಾಯ್ತು ಎಂದು ಕೇಳಿ, ಕಥೆ ಪೂರ್ತಿ ತಿಳಿಯುವ ತನಕ ಅದರ ಮೇಲಿಂದ ಕಣ್ಣು ತೆಗೆಯುವುದಿಲ್ಲ. ಸೂರ್ಯಪ್ರಕಾಶ್ ಮಾತ್ರ ಆ ಪ್ರಶ್ನೆಯನ್ನು ಯಾರಿಗೂ ಕೇಳಿದ್ದನ್ನು ನಾನು ಕಾಣೆ. ಗಾಯದ ಗುರುತುಗಳನ್ನು ಹಚ್ಚೆಯಿಂದ ಮರೆಸುವುದೇ ಅವರ ಕಸುಬು. ಆದರೂ ಎದುರಿಗೆ ಚಾಚಿದ ತೋಳನ್ನು ಅವರು ಮೊದಲು ನೋಡುವುದೇ ಇಲ್ಲ, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಆ ಜಾಗವನ್ನು ನಿಧಾನವಾಗಿ ಸವರಿ, "ಚಳಿಗೆ ಬಿಗೀತದಾ? ಬಿಸ್ಲಿಗೆ ಕಡೀತದಾ?" ಎಂದಷ್ಟೇ ಕೇಳುತ್ತಾರೆ.

ತಿಪಟೂರಿನ ಕೊಬ್ಬರಿ ಮಂಡಿಗಳ ಹಿಂದಿನ ಬೀದಿಯಲ್ಲಿ, ಮೊಬೈಲ್ ರಿಪೇರಿ ಅಂಗಡಿಯೊಂದರ ಮೇಲೆ ಅವರ ಕೋಣೆ. ವಯಸ್ಸು ಐವತ್ತು ದಾಟಿದೆ. ಕೂದಲಿಗೆ ತಪ್ಪದೆ ಬಣ್ಣ ಹಚ್ಚುತ್ತಾರೆ. ಬೇಸಿಗೆಯಲ್ಲೂ ಕಡುನೀಲಿಯ ತೋಳಿಲ್ಲದ ಕೋಟು, ಅದರ ಜೇಬಿನ ತುಂಬ ಬಾಲ್‌ಪೆನ್ನು. ಬೀದಿಯ ನಡುವೆ ನಡೆದವರಲ್ಲ. ಗೋಡೆಯ ಪಕ್ಕಕ್ಕೇ ಸರಿದು, ಗಾರೆಯನ್ನು ಬೆರಳಲ್ಲಿ ಸವರುತ್ತ, ಯಾರದೋ ಬೆನ್ನು ನೇವರಿಸುವವರ ಹಾಗೆ ಹೋಗುತ್ತಾರೆ. ಅದು ಹಳೆಯ ಕಸುಬಿನಿಂದ ಬಂದ ನಡಿಗೆ. ಅಮ್ಮಸಂದ್ರದಿಂದ ಹೊನ್ನವಳ್ಳಿಯವರೆಗೆ ರಸ್ತೆಬದಿಯ ಗೋಡೆಗಳ ಮೇಲೆಲ್ಲ ಜಾಹೀರಾತು ಬರೆದವರು ಅವರು. ಫ್ಲೆಕ್ಸ್ ಬಂದು ಆ ಕೆಲಸ ನಿಂತ ಮೇಲೆ ಬೇರೆ ಊರಿಗೆ ಹೋಗಿ ಹಚ್ಚೆಯ ಯಂತ್ರ ಹಿಡಿಯುವುದನ್ನು ಕಲಿತು ಬಂದರು.

"ಬಿರುಕು ಬಿಟ್ಟ ಗೋಡೆಗೆ ಎಷ್ಟು ಬಣ್ಣ ಹೊಡುದ್ರೂ ಒಂದು ಮಳೆಗೆ ಎದ್ದು ಬತ್ತದೆ ಸಾರ್," ಎಂದು ಒಮ್ಮೆ ಹೇಳಿದ್ದರು. "ಅದ್ಕೇ ನಾನು ಬಿರುಕಿನ ಗುಂಟ್ಲೇ ಒಂದು ಬಳ್ಳಿ ಹತ್ತುಸ್ಬುಡ್ತಿದ್ದೆ. ಆಮೇಲೆ ಅದು ಬಿರುಕಲ್ಲ, ಕಾಂಡ."

ಮಾತು ಶುರುವಾಗುವುದು ಹೆಚ್ಚಾಗಿ "ಅಂಗಲ್ಲ ಕಣ್ರೀ" ಎಂದೇ. ಮೋಡ ಕವಿದಿದೆ, ಮಳೆ ಬರಬಹುದು ಎಂದರೂ, "ಅಂಗಲ್ಲ ಕಣ್ರೀ, ಬಂದೇ ಬತ್ತದೆ" ಎನ್ನುತ್ತಾರೆ. ಅವರ ಸ್ವಂತ ತೋಳುಗಳ ಮೇಲೆ ಒಂದು ಚುಕ್ಕಿಯೂ ಇಲ್ಲ. ಕೆಳಗಿನ ಅಂಗಡಿಯ ಮೋಹನ್ ಕುಮಾರ್ ನನ್ನೆದುರಿಗೇ ರೇಗಿಸಿದ: "ಊರೋರಿಗೆಲ್ಲ ಚುಚ್ತೀಯ, ನಿಂಗ್ಯಾಕಣ್ಣ ಒಂದೂ ಇಲ್ಲ?"

"ಅಂಗಲ್ಲ ಕಣ್ಲಾ, ನಂಗೆ ಸೂಜಿ ಕಂಡ್ರೆ ಭಯ."

ಅವರಲ್ಲಿಗೆ ನಾನು ಹೋದದ್ದು ಚಿಕ್ಕಮ್ಮನ ಮಗಳು ಸುನಂದಾಳ ಜೊತೆ. ಚಿಕ್ಕನಾಯಕನಹಳ್ಳಿಯಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಊರಿನ ಹೆಣ್ಣುಮಕ್ಕಳಿಗೆಲ್ಲ ಅವರು ಕೇಳಿದಷ್ಟು ಗಿಡ್ಡ ತೋಳಿನ ರವಿಕೆ ಹೊಲಿದುಕೊಟ್ಟು, ತಾನು ಮಾತ್ರ ಚೈತ್ರದ ಬಿಸಿಲಲ್ಲೂ ಮಣಿಕಟ್ಟಿನ ತನಕ ತೋಳು ಇಳಿಬಿಟ್ಟು ಕೂರುವವಳು. ಮೂರು ವರ್ಷದವಳಿದ್ದಾಗ, ಬಚ್ಚಲಲ್ಲಿ ಹಂಡೆಯಿಂದ ಬಿಸಿನೀರು ತೋಡುತ್ತಿದ್ದ ಚಿಕ್ಕಮ್ಮನ ಹಿಂದೆ ಸದ್ದಿಲ್ಲದೆ ಬಂದು ನಿಂತಿದ್ದಳು. ಚಿಕ್ಕಮ್ಮ ತಿರುಗಿದರು. ಅಷ್ಟೇ ಆದದ್ದು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಕ್ಕುಗಟ್ಟಿ ಉಳಿಯಿತು. ಆಮೇಲೆ ಚಿಕ್ಕಮ್ಮ ಯಾರಿಗೂ ಬಿಸಿನೀರು ತೋಡಿಕೊಡಲಿಲ್ಲ. ಮಗಳು ಕೈ ತೊಳೆಯಲು ತೋಳು ಮಡಿಸಿದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು.

ಸುನಂದಾ ಅದನ್ನು ಮರೆಸಲು ಹುಡುಕಾಡಿದ್ದು ಕಡಿಮೆಯಲ್ಲ. ಒಬ್ಬ ಇಡೀ ತೋಳಿಗೆ ಕಪ್ಪು ತುಂಬಿಬಿಡೋಣ ಎಂದ. ಇನ್ನೊಬ್ಬ ಸುಟ್ಟ ಚರ್ಮವನ್ನು ಮುಟ್ಟುವುದಿಲ್ಲ ಎಂದ. ಕೊನೆಗೆ ಶೆಟ್ಟಿಕೆರೆಯ ರಂಗಕ್ಕ ರವಿಕೆಯ ಅಳತೆ ಕೊಡುವಾಗ ತೋಳಿನ ಮೇಲಿನ ನವಿಲುಗರಿ ತೋರಿಸಿ, "ಇದರೊಳಗೆ ಹೋರಿ ತಿವಿದ ಗಾಯ ಐತೆ, ಎಲ್ಲೈತೆ ಹುಡುಕು ನೋಡನ" ಎಂದು ಸವಾಲು ಹಾಕಿದಳಂತೆ. ಸುನಂದಾಳ ಕಣ್ಣಿಗೆ ಅದು ಸಿಗಲಿಲ್ಲ. ಬರೆದವರು ಯಾರು ಎಂದು ಅಲ್ಲೇ ಕೇಳಿಕೊಂಡಳು.

ಸೂರ್ಯಪ್ರಕಾಶ್ ಅವತ್ತೇ ಕೆಲಸ ಮಾಡಿಕೊಡುವ ಪೈಕಿಯವರಲ್ಲ. ಮಸಿ ಹಿಡಿಯುತ್ತದೋ ಇಲ್ಲವೋ ನೋಡಲು ಗುರುತಿನ ಅಂಚಿನಲ್ಲಿ ಎರಡು ಚುಕ್ಕಿ ಇಟ್ಟರು. ಆಮೇಲೆ ಅವಳು ಕೇಳಿದ ಅವರೆ ಬಳ್ಳಿಯನ್ನು ಆ ಗುರುತಿನ ಮೇಲೆಯೇ ಬಾಲ್‌ಪೆನ್ನಿನಲ್ಲಿ ಬರೆದು, "ಇದು ಅಳಿಸಿಹೋಗೋಗಂಟ ತೋಳು ಮಡಿಸ್ಕಂಡು ಓಡಾಡಿ. ಚುಕ್ಕಿ ಮಾಗಿದ್ಮೇಲೆ ಬನ್ನಿ" ಎಂದು ಕಳಿಸಿಬಿಟ್ಟರು. ಎಲ್ಲರಿಗೂ ಹೀಗೆಯೇ. ಇದಕ್ಕೆ ಬೇಸತ್ತು ತಿರುಗಿ ಬಾರದವರನ್ನು ನೆನೆದು ಅವರು ಆಗಾಗ ಮುನಿಸಿಕೊಳ್ಳುತ್ತಾರೆ. ಅಭ್ಯಾಸವನ್ನು ಮಾತ್ರ ಬಿಡುವುದಿಲ್ಲ.

ಎರಡನೆಯ ಸಲ ಹೋದಾಗ ಚುಕ್ಕಿಗಳು ಕದಡದೆ ಕೂತಿದ್ದವು. ಸುನಂದಾ ನಿರಾಳವಾಗಿ ಉಸಿರು ಬಿಟ್ಟಳು.

"ತೋಳು ಮಡಿಸ್ಕಂಡು ಓಡಾಡುದ್ರಾ ಅಕ್ಕಾ?"

"ಅಂಗಡೀಲಿ ಓಡಾಡ್ದೆ."

"ಮನೇಲಿ?"

ಅವಳು ನನ್ನ ಮುಖ ನೋಡಿ, "ಮನೇಲಿ ಅಮ್ಮ ಇರ್ತಾರೆ" ಎಂದಳು.

ಸೂರ್ಯಪ್ರಕಾಶ್ ಕೈಯಲ್ಲಿದ್ದ ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. "ಅಂಗಲ್ಲ ಕಣ್ರೀ, ಅಂಗಾದ್ರೆ ಅಮ್ಮನ್ನೂ ಕರ್ಕಂಡು ಬನ್ನಿ."

ಚಿಕ್ಕಮ್ಮನನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಕೊನೆಗೂ ಬಂದ ಚಿಕ್ಕಮ್ಮ ಕಿಟಕಿಯ ಕಡೆ ಮುಖ ಮಾಡಿ, ಕೆಳಗೆ ಕೊಬ್ಬರಿ ಚೀಲ ಇಳಿಸುವುದನ್ನು ನೋಡುತ್ತ ಕೂತರು. ಯಂತ್ರದ ಗುಯ್‌ಗುಡುವಿಕೆ ಶುರುವಾಯಿತು, ಒಡನೆಯೇ ನಿಂತಿತು.

"ತಾಯಿ, ವಸಿ ಇತ್ಲಾಗೆ ಬನ್ನಿ. ಸುಟ್ಟ ಚರ್ಮ ಏರುತಗ್ಗು ಇರ್ತದೆ, ಎಳೆದು ಹಿಡುದ್ರೇನೇ ಗೆರೆ ನೆಟ್ಟಗೆ ಬರೋದು. ನಂಗಿರೋದು ಎರಡೇ ಕೈ."

"ಬ್ಯಾರೆ ಯಾರಾದ್ರೂ ಹಿಡೀಲಿ ಕಣಪ್ಪ."

"ಯಾರು, ಈ ಸಾರಾ? ಅವರ್ನ ನೋಡಿ, ಆಗ್ಲೇ ಬಾಗ್ಲ ಕಡೆ ಸರೀತಾವ್ರೆ."

ನಾನು ನಿಜವಾಗಿಯೂ ಬಾಗಿಲ ಕಡೆ ಸರಿದಿದ್ದೆ. ಚಿಕ್ಕಮ್ಮ ಎದ್ದು ಬಂದು, ಕೊಟ್ಟ ಗ್ಲೌಸು ಹಾಕಿಕೊಂಡು, ಮಗಳ ತೋಳನ್ನು ಎರಡೂ ಕೈಯಲ್ಲಿ ಹಿಡಿದರು. ಹಿಡಿದು ಕಣ್ಣು ಮುಚ್ಚಿದರು. ಸೂಜಿ ಆ ಸುಕ್ಕಿನ ಅಂಚು ಹಿಡಿದು ಮೇಲೆ ಹತ್ತತೊಡಗಿತು. ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಮ್ಮ ಕಣ್ಣು ತೆರೆಯದೆಯೇ ಕೇಳಿದರು: "ಉರೀತೈತೇನೇ?"

"ಇಲ್ಲಮ್ಮ."

"ಸುಳ್ಳು ಹೇಳಬ್ಯಾಡ. ಸುಮ್ಕೆ ಇದ್ದಾಗ್ಲೇ ಉರಿಯೋ ಜಾಗ."

"ಸುಮ್ಕೆ ಇದ್ದಾಗ ಎಲ್ಲಮ್ಮ ಉರೀತದೆ? ಇಸ್ಕೂಲಿಗೆ ಸೇರೋಕೆ ಮುಂಚೇನೇ ಅದು ಮಾಗೋಯ್ತು."

"ಮತ್ತೆ ಬಿಸ್ಲು ತಾಗ್ದಂಗೆ ಮುಚ್ಕಂಡು ತಿರುಗ್ತೀಯ? ನಾನು ಮುಟ್ಟಕ್ಕೆ ಬಂದ್ರೆ ಕೈ ಎಳ್ಕತೀಯ?"

"ನಿಂಗೆ ನೋಡಕ್ಕಾಗಲ್ಲ ಅಂತ ಕಣಮ್ಮ."

ಚಿಕ್ಕಮ್ಮ ಕಣ್ಣು ಬಿಟ್ಟರು. ಮಗಳ ತೋಳಿಗೆ ಮೂವತ್ತು ವರ್ಷದಿಂದ ನೋವೇ ಇಲ್ಲವೆಂಬ ಸಂಗತಿ ಅವರ ಮುಖದ ಮೇಲೆ ನಿಧಾನವಾಗಿ ಇಳಿಯುವುದನ್ನು ನಾನು ಕಂಡೆ. "ಅಯ್ಯೋ ನಿನ್ನ! ಇಷ್ಟು ಕಾಲ ಬಾಯಿ ಬಿಟ್ಟು ಒಂದು ಮಾತು ಹೇಳಕ್ಕೇನಾಗಿತ್ತೇ ನಿಂಗೆ?"

"ನೀನು ಕೇಳಿದ್ಯಾ?"

ಬೈಯಲು ಹೊರಟ ಚಿಕ್ಕಮ್ಮನಿಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಎರಡೂ ಕೈ ತೋಳನ್ನು ಹಿಡಿದಿದ್ದರಿಂದ ಕಣ್ಣೊರೆಸಿಕೊಳ್ಳಲು ಆಗಲಿಲ್ಲ. "ಅಂಗಲ್ಲ ಕಣ್ರಮ್ಮ, ಅಲುಗಾಡಬ್ಯಾಡಿ, ಎಲೆ ಸೊಟ್ಟಗಾಗ್ತದೆ," ಎಂದರು ಸೂರ್ಯಪ್ರಕಾಶ್, ತಲೆ ಎತ್ತದೆ.

ಆಗ ಚಿಕ್ಕಮ್ಮ ಎಲೆ ನೋಡಿದರು. ಬಗ್ಗಿ, ಚೆನ್ನಾಗಿ ನೋಡಿದರು. "ಅವರೆ ಎಲೆ ಒಂದೊಂದು ಕಡ್ಡೀಲಿ ಮೂರಿರ್ತವೆ ಕಣಪ್ಪ. ನೀನು ಎರಡು ಬರ್ದಿದ್ದೀಯ. ಹೊಲ ನೋಡಿಲ್ವಾ ನೀನು?"

ಸೂರ್ಯಪ್ರಕಾಶರ ಮುಖ ಕಪ್ಪಿಟ್ಟಿತು. ವಾದಿಸಿದರು, ಮೊಬೈಲಿನಲ್ಲಿ ಚಿತ್ರ ಹುಡುಕಿದರು, ಸೋತರು, ಸಂಜೆಯವರೆಗೂ ಗೊಣಗುತ್ತ ಕಡ್ಡಿಗೊಂದರಂತೆ ಎಲೆ ಸೇರಿಸಿದರು. ಚಿಕ್ಕಮ್ಮ ಒಂದೊಂದನ್ನೂ ನೋಡಿ ಒಪ್ಪಿಗೆ ಕೊಟ್ಟರು. ಬೇಕೆಂದೇ ತಾಯಿಯ ಕೈಗೆ ತೋಳು ಕೊಟ್ಟಿರಾ ಎಂದು ಹೊರಡುವಾಗ ನಾನು ಕೇಳಿದ್ದಕ್ಕೆ, ನನಗೆ ಕೈ ಸಾಲುತ್ತಿರಲಿಲ್ಲ ಎಂದು ಸಿಡುಕಿದರು. ಅದು ನಿಜವೂ ಇರಬಹುದು.

ಗಾಯಕ್ಕೆ ಬಹಳ ಸಲ ಇಬ್ಬರು ವಾರಸುದಾರರು: ಅದನ್ನು ಹೊತ್ತವರೊಬ್ಬರು, ಅದನ್ನು ನೋಡಲಾರದವರೊಬ್ಬರು. ಇಬ್ಬರಿಗೂ ಕುರ್ಚಿ ಹಾಕಬೇಕೆಂದು ತಿಳಿದವರು ಎಲ್ಲ ಕಸುಬಿನಲ್ಲೂ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಅವರು ಸಮಾಧಾನದ ಮಾತು ಆಡುವುದಿಲ್ಲ, ಯಾರ ತಪ್ಪೆಂದು ವಿಚಾರಿಸುವುದಿಲ್ಲ. ಸ್ವಲ್ಪ ಇಲ್ಲಿ ಹಿಡಿದುಕೊಳ್ಳಿ ಎಂದು ಕೆಲಸವೊಂದನ್ನು ಕೈಗೆ ಕೊಟ್ಟು ತಮ್ಮ ಪಾಡಿಗೆ ತಾವು ಬಗ್ಗಿ ಕೂರುತ್ತಾರೆ. ಉಳಿದದ್ದನ್ನು ಹಿಡಿದುಕೊಂಡ ಕೈಗಳೇ ಮಾಡಿಕೊಳ್ಳುತ್ತವೆ.