ಕಂಡಕ್ಟರ್ ಸಾವಂತ್ರೆವ್ವನ ಮೈಮೇಲೆ ಬಂದದ್ದು

ಶುಕ್ರವಾರದ ದಿನ ಎಲ್ಲಮ್ಮನ ಗುಡ್ಡದಿಂದ ರಾಮದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗುವುದಕ್ಕಿಂತ ಗಾಣದ ಎತ್ತಾಗಿ ಹುಟ್ಟುವುದು ಲೇಸು. ಎತ್ತಿಗೆ ಹೊಡೆಯುವವನು ಒಬ್ಬನೇ ಇರುತ್ತಾನೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲಂತೂ ಆ ಬಸ್ಸಿನಲ್ಲಿ ಸೀಟು ಸಿಕ್ಕುವುದು ಕುಸ್ತಿ ಗೆದ್ದವರಿಗೆ ಮಾತ್ರ. ಕಿಟಕಿಯಿಂದ ಟವೆಲ್ಲು ಒಗೆದವರು, ಚಪ್ಪಲಿ ಒಗೆದವರು, ಎರಡು ವರ್ಷದ ಕೂಸನ್ನೇ ಒಳಗೆ ತಳ್ಳಿ ಸೀಟು ಹಿಡಿದವರು. ಇಬ್ಬರು ಬೀಗತಿಯರು ಜಡೆ ಹಿಡಿದು ಎಳೆದಾಡಿಕೊಂಡರೆ ಬಿಡಿಸಲು ಹೋದ ಕಂಡಕ್ಟರಿನ ಮೋರೆಗೆ ಇಬ್ಬರ ಉಗುರೂ ಬೀಳುತ್ತವೆ.

ಸಾವಂತ್ರೆವ್ವನಿಗೆ ಇದೆಲ್ಲ ಹೊಸದಲ್ಲ. ಹದಿನೇಳು ವರ್ಷದಿಂದ ಕಂಡಕ್ಟರ್ ಚೀಲ ಅವಳ ಹೆಗಲಿಗಿತ್ತು. ಆ ಚೀಲ ಹೆಗಲೇರಿದ ವರ್ಷವೇ ಗಂಡ ಹನುಮಪ್ಪನ ಕೈ ನಿಂತಿತ್ತು. ಅದಕ್ಕೆ ಮುಂಚೆ ಅವನು ಸಾರಿಗೆ ಉಪ್ಪು ಕಡಿಮೆಯಾದರೂ ಹೊಡೆಯುತ್ತಿದ್ದ, ಹೆಚ್ಚಾದರೂ ಹೊಡೆಯುತ್ತಿದ್ದ, ಸರಿಯಾಗಿದ್ದ ದಿನ ಬೇರೆ ಏನಾದರೂ ಹುಡುಕಿಕೊಳ್ಳುತ್ತಿದ್ದ. ಪಗಾರ ತರುವವಳ ಕಣ್ಣು ಬಾತುಕೊಂಡರೆ ಡ್ಯೂಟಿಗೆ ಹೋಗುವವರಾರು ಎಂಬ ಬುದ್ಧಿ ಅವನಿಗೆ ಯಾರು ಹೇಳಿಕೊಟ್ಟರೋ, ಅಂತೂ ನಿಲ್ಲಿಸಿದ. ಪ್ರೀತಿ ಹುಟ್ಟಿ ನಿಂತ ಕೈಯಲ್ಲ ಅದು, ಪಗಾರ ಹಿಡಿದು ನಿಲ್ಲಿಸಿದ ಕೈ. ಕೆಲಸ ಹೋದ ದಿನ ಅದು ಮತ್ತೆ ಏಳುತ್ತದೆ ಎಂದು ಸಾವಂತ್ರೆವ್ವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವಳಿಗೆ ಕೆಲಸ ಬೇಕಿತ್ತು. ಇನ್ನೂ ಹನ್ನೊಂದು ವರ್ಷ ಬೇಕಿತ್ತು.

ಆದರೆ ನಲವತ್ತೊಂಬತ್ತು ತುಂಬಿದ ಮೇಲೆ ಅವಳ ಮೈ ಅವಳ ಮಾತು ಕೇಳುವುದನ್ನು ಬಿಟ್ಟಿತು. ಮುಟ್ಟು ಮೂರು ತಿಂಗಳು ಕಾಣೆಯಾಗಿ, ನಾಲ್ಕನೆಯ ತಿಂಗಳು ಬಸ್ಸಿನಲ್ಲೇ ಕಟ್ಟೆ ಒಡೆದಂತೆ ಬಂತು. ಕಾರಣವಿಲ್ಲದೆ ಎದೆಯಿಂದ ಒಂದು ಧಗೆ ಏಳುತ್ತಿತ್ತು. ಕುತ್ತಿಗೆ, ಕಿವಿ, ನೆತ್ತಿಗೆ ಏರಿ ಖಾಕಿ ಅಂಗಿಯನ್ನು ಒದ್ದೆ ಮುದ್ದೆ ಮಾಡಿ ಇಳಿಯುತ್ತಿತ್ತು. ಅದರ ಹಿಂದೆಯೇ ಅಂಜಿಕೆ. ಯಾವುದರ ಅಂಜಿಕೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಟಿಕೆಟ್ ಕೊಟ್ಟವರಿಗೇ ಮತ್ತೆ ಕೊಡಲು ಹೋಗುತ್ತಿದ್ದಳು, ಕೊಡದವರನ್ನು ಬಿಟ್ಟುಬಿಡುತ್ತಿದ್ದಳು. ಒಂದು ದಿನ ಕಟಕೋಳದಲ್ಲಿ ಮುದುಕನೊಬ್ಬನ ಒಂದು ಕಾಲು ಇನ್ನೂ ನೆಲದ ಮೇಲಿರುವಾಗಲೇ ಹೊರಡಲು ಸೀಟಿ ಊದಿಬಿಟ್ಟಳು. ಬಸ್ಸು ಮುದುಕನನ್ನು ನಾಲ್ಕು ಮಾರು ಎಳೆದುಕೊಂಡು ಹೋಯಿತು. ಮೊಣಕಾಲ ಚರ್ಮ ಸುಲಿದುಹೋಯಿತು, ಜೀವ ಉಳಿಯಿತು. ಅವತ್ತಿನಿಂದ ಪ್ರತಿ ಸಲ ಸೀಟಿ ಊದುವಾಗಲೂ ಅವಳ ಎದೆ ಡವಗುಟ್ಟುತ್ತಿತ್ತು.

ಸರಕಾರಿ ದವಾಖಾನೆಯ ಸಿಸ್ಟರ್ ಸಂಘಮಿತ್ರಾ ಎಲ್ಲ ಕೇಳಿ ಸಮಾಧಾನ ಹೇಳಿದ್ದಳು.

"ಅಕ್ಕಾರ, ಮುಟ್ಟು ನಿಲ್ಲೂ ಹೊತ್ತಿದು. ರೋಗ ಅಲ್ಲ, ಆದ್ರ ಕೆಲವರಿಗೆ ಭಾಳ ಜೋರ ಮಾಡತೈತಿ. ಅಂಜಿಕಿನೂ ಅದರ ಕೂಡನ ಬರತೈತಿ. ಬೈಲಹೊಂಗಲಕ್ಕ ಹೋಗಿ ದೊಡ್ಡ ಡಾಕ್ಟರಮ್ಮಗ ತೋರಸ್ರಿ, ಗುಳಗಿ ಅದಾವು."

ರಜೆ ಕೇಳಬೇಕು. ಏಕೆ ರಜೆ ಎಂದು ಡಿಪೋದಲ್ಲಿ ಗಂಡಸರ ಮುಂದೆ ಹೇಳಬೇಕು. ಸಾವಂತ್ರೆವ್ವ ಹೇಳಲಿಲ್ಲ, ಹೋಗಲಿಲ್ಲ. ಡ್ರೈವರ್ ಮುತ್ತಪ್ಪನಿಗೂ ಬಾಯಿ ಬಿಡಲಿಲ್ಲ. ಆರು ವರ್ಷ ಜೊತೆಗೆ ದುಡಿದ ಆ ಮನುಷ್ಯ, ಈಚೆಗೆ ಇವಳಿಗೆ ಮೂಗಿನ ತುದಿಗೇ ಸಿಟ್ಟು ಎಂದುಕೊಂಡು ಸುಮ್ಮನಿದ್ದ.

ಆ ಶುಕ್ರವಾರ ಉಗರಗೋಳದಲ್ಲಿ ಬಸ್ಸು ತುಂಬಿ ಬಾಗಿಲಿಗೆ ಜನ ಜೋತುಬಿದ್ದಿದ್ದರು. ಕಂಡಕ್ಟರಿನ ಸೀಟಿನ ಪಕ್ಕ, ಕಿಟಕಿಗೆ ಒತ್ತಿ, ಕಟಕೋಳದ ಶಂಕರೆಪ್ಪ ಕುಳಿತಿದ್ದ. ಊರಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯ. ಟ್ರ್ಯಾಕ್ಟರು ರಿಪೇರಿಗೆ ಹೋದದ್ದರಿಂದ ಬಸ್ಸು ಹತ್ತಿದ್ದ, ಮತ್ತು ಆ ಅವಮಾನವನ್ನು ಯಾರ ಮೇಲಾದರೂ ತೀರಿಸಿಕೊಳ್ಳಬೇಕಿತ್ತು. ಊರು ದಾಟಿ ಎರಡು ಕಿಲೋಮೀಟರ್ ಹೋಗುವುದರೊಳಗೆ ಸಾವಂತ್ರೆವ್ವನಿಗೆ ಧಗೆ ಎದ್ದಿತು. ಕಣ್ಣಿಗೆ ಕತ್ತಲೆ ಬಂತು. ಅವಳು ಶಂಕರೆಪ್ಪನ ಮೈಮೇಲಿಂದ ಕೈ ಚಾಚಿ ಕಿಟಕಿಯ ಗಾಜು ಸರಿಸಿ, ಚೌಕಟ್ಟು ಹಿಡಿದು ಗಾಳಿಗೆ ಬಾಯಿ ತೆರೆದು ನಿಂತಳು.

"ಏ ಬಾಯಿ, ಕಿಡಕಿ ಮುಚ್ಚ. ಧೂಳ ಬರಾಕತ್ತೈತಿ."

"ಎರಡ ಮಿನಿಟ ತಡೀರಿ ಯಜಮಾನ್ರ. ಉಸರ ಕಟ್ಟೈತಿ ನನಗ."

"ಪಗಾರ ತಗೊಂಡ ಗಾಳಿ ಕುಡ್ಯಾಕ ಬಂದೀ ಏನ?" ಎಂದು ಶಂಕರೆಪ್ಪ ಎರಡೂ ಕೈಯಿಂದ ಗಾಜನ್ನು ಧಡ್ಡನೆ ಎಳೆದು ಮುಚ್ಚಿದ.

ಅವಳ ಎಡಗೈಯ ನಾಲ್ಕು ಬೆರಳು ಚೌಕಟ್ಟಿಗೂ ಗಾಜಿಗೂ ನಡುವೆ ಸಿಕ್ಕವು. ಸಿಕ್ಕದ್ದನ್ನು ಅವನು ನೋಡಿದ. ನೋಡಿಯೂ ಇನ್ನೊಮ್ಮೆ ಒತ್ತಿದ.

ಸಾವಂತ್ರೆವ್ವನ ಬಲಗೈಯಲ್ಲಿ ಟಿಕೆಟ್ ಮಷಿನ್ ಇತ್ತು. ಇಟ್ಟಿಗೆಯ ಅರ್ಧದಷ್ಟಿರುವ ಗಟ್ಟಿ ವಸ್ತು. ಅದನ್ನು ಎತ್ತಿ ಅವನ ಹಣೆಗೆ ಹೊಡೆದಳು. ಹುಬ್ಬು ಬಿರಿದು ರಕ್ತ ಕಣ್ಣಿಗೆ ಇಳಿಯಿತು. ಅವನು "ನಿನ್ನ..." ಎಂದು ಏಳಲು ಹೋದಾಗ ಮೂಗಿನ ಮೇಲೆ ಎರಡನೆಯದು ಬಿತ್ತು. ಮೂಗು ಮುರಿದ ಸಪ್ಪಳ ಹಿಂದಿನ ಸೀಟಿನವರೆಗೂ ಕೇಳಿತು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, "ಬ್ಯಾಡವಾ, ಬ್ಯಾಡ" ಎಂದು ಬಗ್ಗಿದ. ಬಗ್ಗಿದಾಗ ಬೋಳು ನೆತ್ತಿ ಕಂಡಿತು. ಮೂರನೆಯದನ್ನು ಅವಳು ಅಲ್ಲಿಗೆ, ಜಾಗ ನೋಡಿ ಹೊಡೆದಳು.

ಹೊಡೆದ ಮೇಲೆ ಮೈ ತಂಪಾಯಿತು. ಹೇಳಿಕೊಳ್ಳುವಂಥ ಮಾತಲ್ಲ, ಆದರೆ ನಿಜ. ಇಷ್ಟು ವರ್ಷ ತಿಂದ ಏಟೆಲ್ಲ ಒಮ್ಮೆಲೇ ಬಡ್ಡಿಸಮೇತ ತೀರಿದಂತೆ ಒಂದು ಕ್ಷಣ ಅವಳಿಗೆ ಭಾರೀ ಸುಖವೆನಿಸಿತು. ಮರುಕ್ಷಣ ತನ್ನ ಕೈ ನೋಡಿ ಹೆದರಿ ಗಡಗಡ ನಡುಗತೊಡಗಿದಳು. ಬೆವರು ಹರಿಯುತ್ತಿತ್ತು, ತುರುಬು ಬಿಚ್ಚಿ ಬೆನ್ನ ಮೇಲೆ ಹರಡಿತ್ತು, ಕಣ್ಣು ಕೆಂಪಾಗಿ ಹೊರಗೆ ಬಂದಿದ್ದವು. ಗಂಟಲಿನಿಂದ ಯಾವುದೋ ಪ್ರಾಣಿಯದೆಂಬಂಥ ಒಂದು ಕೂಗು ಬಂತು.

ಇನ್ನೇನು ಜನ ಎದ್ದು ತನ್ನನ್ನು ತುಳಿದು ಹಾಕುತ್ತಾರೆ ಎಂದೇ ಅವಳು ಕಣ್ಣು ಮುಚ್ಚಿದಳು. ಆಗ ಅವಳ ಓಣಿಯವಳೇ ಆದ ಮುದುಕಿ ಕೃಷ್ಣವ್ವ ಮೂರನೆಯ ಸೀಟಿನಿಂದ ಎದ್ದು ಎರಡೂ ಕೈ ಎತ್ತಿದಳು.

"ತಾಯಿ ಬಂದಾಳೋ! ತಾಯಿ ಬಂದಾಳ! ಉಧೋ ಉಧೋ!"

"ಉಧೋ!" ಎಂದಿತು ಇಡೀ ಬಸ್ಸು.

ಯಾರೋ ಗುಡ್ಡದಿಂದ ತಂದ ಅರಿಷಿಣದ ಭಂಡಾರವನ್ನು ಅವಳ ಹಣೆಗೆ, ಕೆನ್ನೆಗೆ ಬಳಿದರು. ಬಾಗಿಲಿಗೆ ಜೋತುಬಿದ್ದವರು ಒಂದೇ ಕೈಯಲ್ಲಿ ನಮಸ್ಕಾರ ಮಾಡಿದರು. ಎಲ್ಲಕ್ಕಿಂತ ಹೆಚ್ಚಿನದು ಶಂಕರೆಪ್ಪ ಮಾಡಿದ್ದು. ಮೂಗಿನಿಂದ ರಕ್ತ ಸುರಿಸುತ್ತಲೇ ಸೀಟುಗಳ ನಡುವಿನ ದಾರಿಯಲ್ಲಿ ಅಡ್ಡಬಿದ್ದು, "ತಪ್ಪಾತವಾ, ನೀ ಅಂತ ತಿಳೀಲಿಲ್ಲ" ಎಂದು ಅವಳ ಬೂಟು ಹಿಡಿದುಕೊಂಡ. ಮುತ್ತಪ್ಪ ಬಸ್ಸು ನಿಲ್ಲಿಸಿ ಹಿಂದೆ ಬಂದಾಗ ಕಂಡದ್ದು ಇದು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಎನ್ನುತ್ತಾರೆ, ಇಲ್ಲಿ ಮೂಗು ಮುರಿಸಿಕೊಂಡವನೇ ಕಾಲು ಹಿಡಿದಿದ್ದ.

ಸಾವಂತ್ರೆವ್ವ ಮನೆ ಮುಟ್ಟುವ ಮೊದಲೇ ಸುದ್ದಿ ಸವದತ್ತಿಯ ಓಣಿ ಮುಟ್ಟಿತ್ತು. ಹನುಮಪ್ಪ ಹೊಸ್ತಿಲಲ್ಲಿ ಕೈಮುಗಿದು ನಿಂತಿದ್ದ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಅವನು ಅವಳಿಗೆ ಕೈ ಎತ್ತಿದ್ದುಂಟು, ಮುಗಿದದ್ದಿಲ್ಲ. ಒಳಗೆ ಹೆಂಗಸರು ತುಂಬಿದ್ದರು. ಕೃಷ್ಣವ್ವ ಅವಳನ್ನು ಮಣೆಯ ಮೇಲೆ ಕೂರಿಸಿದಳು.

"ಖರೇ ತಾಯಿ ಬಂದಿದ್ರ ಕರ್ಪೂರ ಸುಡೂದಿಲ್ಲ. ನೋಡೂಣು," ಎಂದಳು.

ಇಬ್ಬರು ಹೆಗಲು ಒತ್ತಿ ಹಿಡಿದರು. ಹನುಮಪ್ಪ ತಾನೇ ಅವಳ ಬಲ ಅಂಗೈ ಬಿಡಿಸಿ, ಕರ್ಪೂರವಿಟ್ಟು ಹಚ್ಚಿದ. ಚರ್ಮ ಚುರ್ರೆಂದಿತು. ಸಾವಂತ್ರೆವ್ವ ಮನೆ ಹಾರಿಹೋಗುವಂತೆ ಕಿರುಚಿ, ಹಿಡಿದವರನ್ನು ಒದ್ದು ಕೈ ಕೊಡವಿದಳು.

"ದೇವಿ ಅಬ್ಬರಿಸಿದ್ಲು! ಉಧೋ!" ಎಂದ ಹನುಮಪ್ಪ.

ಕಿರುಚದಿದ್ದರೆ ದೇವಿ, ಕಿರುಚಿದರೂ ದೇವಿ. ಇದು ಊರ ಜನರ ಲೆಕ್ಕ.

ಹೆಂಗಸರು ಹೋದ ಮೇಲೆ ಅವನು ಬೊಬ್ಬೆ ಎದ್ದ ಅಂಗೈಗೆ ಬೆಣ್ಣೆ ಹಚ್ಚುತ್ತ ಮೆಲ್ಲಗೆ ಮಾತು ತೆಗೆದ. "ನೌಕರಿ ಸಾಕ ಬಿಡ ಇನ್ನ. ಮನ್ಯಾಗ ಒಂದ ಗದ್ದಗಿ ಮಾಡೂಣು. ಮಂಗಳಾರ, ಶುಕ್ರಾರ ಕುಂತ್ರ ಸಾಕು. ಮಂದಿ ತಾವಾಗೇ ಬರತಾರ."

"ದೇವಿ ಬರದಿದ್ರ?"

"ಬರಸ್ಕೋಬೇಕ," ಎಂದ. ಆ ಮಾತಿನಲ್ಲಿ ಹಳೆಯ ಹನುಮಪ್ಪ ಹಣಿಕಿ ಹಾಕಿದ. ದೇವಿ ಬರದ ಶುಕ್ರವಾರ ತನ್ನ ಬೆನ್ನಿಗೆ ಏನು ಬರುತ್ತದೆ ಎಂದು ಸಾವಂತ್ರೆವ್ವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೂ ಅವಳಿಗೆ ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು. ದೇವಿ ಎಂದುಕೊಂಡರೆ ಪೊಲೀಸರಿಲ್ಲ, ಕೇಸಿಲ್ಲ, ಶಂಕರೆಪ್ಪನ ಕಡೆಯವರು ಬಡಿಗೆ ಹಿಡಿದು ಬರುವ ಭಯವಿಲ್ಲ. ಎರಡು ದಿನ ಅವಳು ಅದನ್ನೇ ತಿರುತಿರುಗಿ ಯೋಚಿಸಿದಳು. ಎಲ್ಲಮ್ಮನನ್ನು ನಂಬಿದವಳೇ ಅವಳು. ನಂಬಿದ್ದರಿಂದಲೇ, ಬಗ್ಗಿದ ಮನುಷ್ಯನ ನೆತ್ತಿಯನ್ನು ಜಾಗ ನೋಡಿ ಒಡೆದ ಪಾಪವನ್ನು ತಾಯಿಯ ತಲೆಗೆ ಕಟ್ಟಲು ಮನಸ್ಸು ಒಪ್ಪುತ್ತಿರಲಿಲ್ಲ.

ಸೋಮವಾರ ಡಿಪೋದಿಂದ ಕರೆ ಬಂತು. ಹನುಮಪ್ಪನೂ ಬೆನ್ನಿಗೆ ಬಂದ. ಡಿಪೋ ಮ್ಯಾನೇಜರ್ ಸದಾಶಿವ ಸಾಹೇಬರ ಮೇಜಿನ ಎದುರು ಶಂಕರೆಪ್ಪ ಕುಳಿತಿದ್ದ. ತಲೆಗೆ ಪಟ್ಟಿ, ಮೂಗಿಗೆ ಪಟ್ಟಿ, ಕೈಯಲ್ಲಿ ಹಸಿರು ಸೀರೆ ಮತ್ತು ತೆಂಗಿನಕಾಯಿ. ಅವಳನ್ನು ಕಂಡದ್ದೇ ಎದ್ದು ನಿಂತ. ಮುತ್ತಪ್ಪ ಗೋಡೆಗೆ ಒರಗಿದ್ದ.

ಸದಾಶಿವ ಸಾಹೇಬರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯವರು. ಒಂದು ಹಾಳೆ ಅವಳ ಮುಂದೆ ಸರಿಸಿದರು.

"ಮೈಮ್ಯಾಲ ದೇವಿ ಬಂದಿದ್ಲು ಅಂತ ಒಂದ ಸಾಲ ಬರದ ಕೊಡ್ರಿ. ಇವರು ಕಂಪ್ಲೇಂಟ್ ಮಾಡೂದಿಲ್ಲ ಅಂತಾರ. ಎಲ್ಲಾ ಮುಗೀತು."

"ಆಮ್ಯಾಲ ನಾ ಯಾವ ಲೈನಿಗೆ ಹೋಗ್ಲಿರಿ?"

"ಲೈನಿಗೆ ಹೆಂಗ ಕಳಸೂದ್ರಿ? ದೇವಿ ಬರೋರ ಕೈಯಾಗ ನೂರ ಮಂದಿ ಜೀವ ಕೊಡಾಕ ಆಗತೈತೇನ? ತಾವಾಗೇ ನಿವೃತ್ತಿ ತಗೋರಿ. ಮಾನದಿಂದ ಮನಿಗೆ ಹೋಗ್ರಿ."

"ಬರಿ, ಬರಿ," ಎಂದ ಹನುಮಪ್ಪ ಹಿಂದಿನಿಂದ.

ಸಾವಂತ್ರೆವ್ವ ಹಾಳೆಯನ್ನು ಹಿಂದಕ್ಕೆ ಸರಿಸಿದಳು.

"ದೇವಿ ಬಂದಿರಲಿಲ್ರಿ. ಹೊಡದಾಕಿ ನಾನ. ನನ್ನ ಬೆರಳ ಕಿಡಕ್ಯಾಗ ಹಾಕಿ ಒತ್ತಿದ್ರು, ಅದಕ್ಕ ಹೊಡದೇನಿ. ಆದ್ರ ಮೂರನೇ ಏಟು ಬೇಕಂತ ಹೊಡದೇನಿ. ಅದು ನನ್ನ ತಪ್ಪ. ಏನ ಶಿಕ್ಷೆ ಐತಿ ಕೊಡ್ರಿ, ನೌಕರಿ ಮಾತ್ರ ಬಿಡೂದಿಲ್ಲ."

ಶಂಕರೆಪ್ಪನ ಮುಖ ಕಪ್ಪಿಟ್ಟಿತು. ದೇವಿಯ ಕೈಯಲ್ಲಿ ಏಟು ತಿಂದರೆ ಪ್ರಸಾದ, ಕಂಡಕ್ಟರಿನ ಕೈಯಲ್ಲಿ ತಿಂದರೆ ಮಾನಗೇಡು. ಕಾಯಿ ಕೆಳಗೆ ಬಿತ್ತು.

"ಹಲ್ಕಟ್ ಹೆಂಗಸ! ನಿನ್ನ ಬೂಟ ಹಿಡದೆನಲ್ಲೇ ನಾ!" ಎಂದವನೇ ತೋಳು ಬೀಸಿ ಅವಳ ಕೆನ್ನೆಗೆ ಹೊಡೆದ. ಅವಳು ಹಿಂದಕ್ಕೆ ಮುಗ್ಗರಿಸಿ ಕಬ್ಬಿಣದ ಕಪಾಟಿಗೆ ಬಡಿದಳು. ತುಟಿ ಒಡೆಯಿತು. ಹನುಮಪ್ಪ ಅಲುಗಲಿಲ್ಲ. ಮುತ್ತಪ್ಪ ನುಗ್ಗಿ ಶಂಕರೆಪ್ಪನ ಕುತ್ತಿಗೆಪಟ್ಟಿ ಹಿಡಿದು ಗೋಡೆಗೆ ಒತ್ತಿದ.

"ಬಿಡ್ರಿ ಮುತ್ತಪ್ಪಣ್ಣಾರ," ಎಂದಳು ಅವಳು.

ಅಷ್ಟರಲ್ಲಿ ಎದೆಯಿಂದ ಆ ಧಗೆ ಎದ್ದಿತು. ಕುತ್ತಿಗೆ ಕೆಂಪಾಯಿತು, ಹಣೆಯಿಂದ ಬೆವರು ಕಿತ್ತುಕೊಂಡು ಬಂತು, ಕೈ ನಡುಗಿತು. ನೋಡುತ್ತಿದ್ದಂತೆ ಶಂಕರೆಪ್ಪ ಗೋಡೆಗೆ ಅಂಟಿಕೊಂಡ. "ಬಂತು... ಬಂತು" ಎಂದು ಹನುಮಪ್ಪ ಕೈ ಜೋಡಿಸಿದ. ಸಾಹೇಬರೂ ಕುರ್ಚಿಯಿಂದ ಅರ್ಧ ಎದ್ದರು. ಈಗ ಅವಳು ಒಮ್ಮೆ ಕೂಗಿದರೆ ಸಾಕಿತ್ತು, ಇಡೀ ಆಫೀಸು ಕಾಲಿಗೆ ಬೀಳುತ್ತಿತ್ತು. ಅವಳು ಕೂಗಲಿಲ್ಲ. ಕಪಾಟು ಹಿಡಿದು ನೆಟ್ಟಗೆ ನಿಂತು, ರಕ್ತವನ್ನು ಸೆರಗಿನಿಂದ ಒರೆಸಿಕೊಂಡಳು.

"ಕೈ ಇಳಸ್ರಿ ಎಲ್ಲಾರೂ. ದೇವಿ ಅಲ್ಲ ಇದು. ನನಗ ಮುಟ್ಟು ನಿಲ್ಲಾಕತ್ತೈತಿ. ಅದಕ್ಕ ಹಿಂಗ ಧಗಿ ಏಳತೈತಿ, ಅಂಜಿಕಿ ಬರತೈತಿ. ನಿಮ್ಮ ತಾಯಂದ್ರಿಗೂ ಬಂದಿತ್ತು, ಅವರು ಹೇಳಲಿಲ್ಲ ಅಷ್ಟ. ಐದ ಮಿನಿಟಿಗೆ ಇಳೀತೈತಿ. ಸುಮ್ಮ ನಿಂದರ್ರಿ."

ಅವರು ನಿಂತರು. ಐದು ಮಿನಿಟು ಬಹಳ ದೀರ್ಘ ಹೊತ್ತು. ನಾಲ್ಕು ಗಂಡಸರು ನೆಲ ನೋಡುತ್ತ, ಒಬ್ಬ ಹೆಂಗಸಿನ ಮೈ ತಣ್ಣಗಾಗುವುದನ್ನು ಕಾದರು. ಬೆವರು ಇಳಿಯಿತು. ಕೈ ನಿಂತಿತು.

"ಈಗ ಬರೀರಿ ಸಾಹೇಬ್ರ. ನಾ ಹೊಡದದ್ದು ಮೂರು. ನನ್ನ ಬೆರಳಿಂದು ಬರೀರಿ. ಇವರು ಈಗ ನಿಮ್ಮ ಎದುರ ಹೊಡದದ್ದೂ ಬರೀರಿ."

ಸದಾಶಿವ ಸಾಹೇಬರು ಪೆನ್ನು ಎತ್ತಿದರು, ಶಂಕರೆಪ್ಪನ ಮುಖ ನೋಡಿದರು. ಅವನು ಬಿದ್ದ ಕಾಯಿಯನ್ನೂ ಎತ್ತಿಕೊಳ್ಳದೆ ಹೊರಗೆ ನಡೆದ. ಬೆರಳು ಒತ್ತಿದ್ದು, ಈಗ ಕೆನ್ನೆಗೆ ಹೊಡೆದದ್ದು ಎರಡೂ ಕಾಗದಕ್ಕೆ ಬಿದ್ದವೆಂದರೆ ಠಾಣೆಗೆ ಹೋಗಿ ಲಾಭವಿಲ್ಲ ಎಂಬುದು ಅವನಿಗೂ ತಿಳಿಯಿತು. ಸಾಹೇಬರು ಬಹಳ ಹೊತ್ತು ಬರೆದರು.

"ಇಪ್ಪತ್ತೊಂದ ದಿನ ಸಸ್ಪೆಂಡ್. ಅಷ್ಟ್ರಾಗ ಬೈಲಹೊಂಗಲಕ್ಕ ಹೋಗಿ ಡಾಕ್ಟರಿಗೆ ತೋರಿಸಿ ಸರ್ಟಿಫಿಕೇಟ್ ತರ್ರಿ. ಇನ್ನೊಮ್ಮೆ ಕೈ ಎತ್ತಿದ್ರ ಮನಿಗೇ."

"ಆತ್ರಿ. ಇಪ್ಪತ್ತೆರಡನೇ ದಿನ ಯಾವ ಲೈನ್?"

ಸಾಹೇಬರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಅದ ಗುಡ್ಡದ ಲೈನಿಗೆ ಹೋಗ್ರಿ. ಬ್ಯಾರೇ ಯಾರೂ ಅದಕ್ಕ ಹೋಗಾಕ ಒಲ್ಲೆ ಅಂತಾರ."